ಇಂಡೆಕ್ಸ್ ಇದ್ದರೂ ಹುಡುಕಾಟ ಏಕೆ ತೆವಳುತ್ತದೆ?

ಆ್ಯಪ್ ಹೊಸದಾಗಿದ್ದಾಗ ಹುಡುಕುವ ಪೆಟ್ಟಿಗೆಯಲ್ಲಿ ಒಂದು ಪದ ಬರೆದು ಬೆರಳೆತ್ತುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ದಾಖಲೆಗಳು ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಕೋಟಿಗೆ ಬೆಳೆದ ಮೇಲೆ ಅದೇ ಪೆಟ್ಟಿಗೆ ಹತ್ತು ಹನ್ನೆರಡು ಸೆಕೆಂಡು ಸುಮ್ಮನೆ ಸುತ್ತುತ್ತಿರುತ್ತದೆ. ಬಲ್ಲವರನ್ನು ಕೇಳಿದರೆ ‘ಇಂಡೆಕ್ಸ್ ಹಾಕಿ’ ಅನ್ನುತ್ತಾರೆ. ಹಾಕಿದ್ದಾಯಿತು. ಆದರೂ ವೇಗ ಇದ್ದಲ್ಲೇ ಇದೆ.

ಡೇಟಾಬೇಸ್ ಜೊತೆ ಕೆಲಸ ಮಾಡಲು ಶುರುಮಾಡಿದ ಬಹುತೇಕರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ. ಇಂಡೆಕ್ಸ್ ಎಂಬುದು ಒಂದು ಜೋಡಣೆಯ ಕ್ರಮ. ನಾವು ಕೇಳುವ ಪ್ರಶ್ನೆ ಆ ಕ್ರಮಕ್ಕೆ ಹೊಂದಿದರೆ ಅದು ನೆರವಿಗೆ ಬರುತ್ತದೆ, ಹೊಂದದಿದ್ದರೆ ಡಿಸ್ಕಿನಲ್ಲಿ ಜಾಗ ಹಿಡಿದು ಕೂತಿರುತ್ತದೆ. ಪಠ್ಯದ ಹುಡುಕಾಟದಲ್ಲಿ ಈ ಹೊಂದಾಣಿಕೆ ತಪ್ಪುವುದು ಬಹಳ ಸುಲಭ. ಎಲ್ಲಿ, ಹೇಗೆ ತಪ್ಪುತ್ತದೆ ಎಂಬುದನ್ನು ಬುಡದಿಂದಲೇ ನೋಡೋಣ.

## ಟೇಬಲ್ಲಿನೊಳಗೆ ಏನಿರುತ್ತದೆ

ಮಾಹಿತಿಯನ್ನು ಸಾಲು ಮತ್ತು ಕಾಲಮ್ಮುಗಳ ಟೇಬಲ್ಲುಗಳಾಗಿ ಇಡುವ ಪದ್ಧತಿಗೆ ರಿಲೇಷನಲ್ ಮಾದರಿ ಎನ್ನುತ್ತಾರೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಇದನ್ನು ಮಂಡಿಸಿದರು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಎಲೈಟ್ ಎಲ್ಲವೂ ಈ ಕುಲಕ್ಕೇ ಸೇರಿದವು.

ಡಿಸ್ಕಿನ ಮೇಲೆ ಟೇಬಲ್ ಎಂದರೆ ಪುಟಗಳ ಕಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ 16 ಕಿಲೋಬೈಟ್. ಪ್ರತಿ ಪುಟದಲ್ಲಿ ಒಂದಷ್ಟು ಸಾಲುಗಳು. ಈ ಸಾಲುಗಳು ಬಂದ ಹಾಗೆ, ಜಾಗ ಸಿಕ್ಕ ಹಾಗೆ ಕೂತಿರುತ್ತವೆ, ಹೆಚ್ಚೆಂದರೆ ಪ್ರೈಮರಿ ಕೀಯ (ಪ್ರತಿ ಸಾಲನ್ನು ಗುರುತಿಸುವ ಬೆಲೆಯ) ಕ್ರಮದಲ್ಲಿ. ಇಲ್ಲಿ ‘ಬೆಲೆ’ ಎಂದರೆ ಕಾಲಮ್ಮಿನಲ್ಲಿ ಬರೆದಿಟ್ಟ ಮಾಹಿತಿ, ದುಡ್ಡಿನ ಲೆಕ್ಕವಲ್ಲ. ಹೆಸರಿನ ಕಾಲಮ್ಮಿನಲ್ಲಿ ಏನಿದೆ ಎಂಬುದಕ್ಕೂ ಸಾಲು ಎಲ್ಲಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಬೇರೆ ದಾರಿ ಇಲ್ಲದಿದ್ದರೆ ಡೇಟಾಬೇಸ್ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲವನ್ನೂ ಓದಿ, ಪ್ರತಿ ಸಾಲನ್ನೂ ಹೋಲಿಸಿ ನೋಡಬೇಕು. ಇದಕ್ಕೆ ಟೇಬಲ್ ಸ್ಕ್ಯಾನ್ ಎಂದು ಹೆಸರು.

ಒಂದು ಲೆಕ್ಕ ಹಾಕಿ. ಒಂದು ಕೋಟಿ ಸಾಲು, ಸಾಲಿಗೆ ಸರಾಸರಿ 200 ಬೈಟ್ ಎಂದರೆ 2 ಗಿಗಾಬೈಟ್. 8 ಕಿಲೋಬೈಟಿನ ಪುಟಗಳಲ್ಲಿ ಅದು ಸುಮಾರು 2.4 ಲಕ್ಷ ಪುಟ. ಒಂದೇ ಒಂದು ಹೆಸರಿಗಾಗಿ ಅಷ್ಟನ್ನೂ ತಿರುವಿ ಹಾಕಬೇಕು. ಸಾವಿರ ಸಾಲಿನ ದಿನಗಳಲ್ಲೂ ಇದೇ ನಡೆಯುತ್ತಿತ್ತು, ಆಗ ಪುಟಗಳೇ ಇಪ್ಪತ್ತೈದು ಇದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ.

## ನಿಘಂಟಿನ ಕ್ರಮ

ನಿಘಂಟಿನಲ್ಲಿ ‘ಮನೆ’ ಪದ ಹುಡುಕಲು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ನಡುವೆ ಎಲ್ಲೋ ತೆರೆಯುತ್ತೇವೆ, ‘ಪ’ ಕಂಡರೆ ಮುಂದಕ್ಕೆ, ‘ವ’ ಕಂಡರೆ ಹಿಂದಕ್ಕೆ. ನಾಲ್ಕಾರು ಸಲ ತಿರುವುವಷ್ಟರಲ್ಲಿ ಪದ ಸಿಗುತ್ತದೆ. ಪದಗಳನ್ನು ಅಕಾರಾದಿಯಾಗಿ ಜೋಡಿಸಿರುವುದರಿಂದ ಮಾತ್ರ ಇದು ಸಾಧ್ಯ.

ಡೇಟಾಬೇಸಿನ ಸಾಮಾನ್ಯ ಇಂಡೆಕ್ಸ್ ಇಂಥದೇ. ಒಂದು ಕಾಲಮ್ಮಿನ ಬೆಲೆಗಳನ್ನಷ್ಟೇ ತೆಗೆದು, ಕ್ರಮವಾಗಿ ಜೋಡಿಸಿ, ಪ್ರತಿಯೊಂದರ ಪಕ್ಕದಲ್ಲಿ ‘ಈ ಸಾಲು ಟೇಬಲ್ಲಿನ ಇಂಥ ಕಡೆ ಇದೆ’ ಎಂದು ಬರೆದಿಟ್ಟ ಪ್ರತ್ಯೇಕ ರಚನೆ. ಇದಕ್ಕೆ ಬಳಸುವ ಬಿ-ಟ್ರೀ ಎಂಬ ವಿನ್ಯಾಸವನ್ನು ಬೋಯಿಂಗ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ರೂಪಿಸಿದರು. ಬುಡದಲ್ಲಿ ಒಂದು ಪುಟ, ಅದರಲ್ಲಿ ‘ಇಲ್ಲಿಂದ ಇಲ್ಲಿಯವರೆಗಿನದು ಆ ಕಡೆ’ ಎಂಬ ಕೈಮರಗಳು, ಅವು ತೋರಿಸುವ ಪುಟಗಳಲ್ಲಿ ಮತ್ತಷ್ಟು ಕೈಮರಗಳು. ಒಂದು ಪುಟದಲ್ಲಿ 200 ಕೈಮರ ಹಿಡಿಯುತ್ತವೆ ಎಂದುಕೊಂಡರೆ ಮೂರು ಮೆಟ್ಟಿಲಲ್ಲಿ 80 ಲಕ್ಷ, ನಾಲ್ಕು ಮೆಟ್ಟಿಲಲ್ಲಿ 160 ಕೋಟಿ ನಮೂದುಗಳನ್ನು ಮುಟ್ಟಬಹುದು. 2.4 ಲಕ್ಷ ಪುಟ ಓದುವ ಕಡೆ ನಾಲ್ಕೈದು ಪುಟ ಓದಿದರೆ ಮುಗಿಯಿತು. ಇಂಡೆಕ್ಸಿನ ಶಕ್ತಿಯೆಲ್ಲ ಇಷ್ಟೇ, ಮತ್ತು ಇದು ಸಣ್ಣ ಶಕ್ತಿಯೇನಲ್ಲ.

## ‘ಮನೆ’ಯಿಂದ ಶುರುವಾದರೆ ಸುಲಭ, ‘ಮನೆ’ಯಲ್ಲಿ ಮುಗಿದರೆ ಕಷ್ಟ

‘ಮನೆ’ಯಿಂದ ಶುರುವಾಗುವ ಪದಗಳೆಲ್ಲ ಬೇಕು ಎಂದರೆ ನಿಘಂಟು ಕ್ಷಣದಲ್ಲಿ ಕೊಡುತ್ತದೆ. ಮನೆಗೆಲಸ, ಮನೆತನ, ಮನೆಮದ್ದು, ಮನೆಮಾತು ಎಲ್ಲವೂ ಒಂದರ ಕೆಳಗೆ ಒಂದು ಇವೆ. ಈಗ ‘ಮನೆ’ಯಲ್ಲಿ ಮುಗಿಯುವ ಪದಗಳು ಬೇಕು ಅನ್ನಿ. ಅರಮನೆ ‘ಅ’ದಲ್ಲಿ, ತವರುಮನೆ ‘ತ’ದಲ್ಲಿ, ನೆರೆಮನೆ ‘ನ’ದಲ್ಲಿ, ಸೆರೆಮನೆ ‘ಸ’ದಲ್ಲಿ ಚದುರಿವೆ. ನಿಘಂಟು ಎಷ್ಟೇ ಚೆನ್ನಾಗಿ ಜೋಡಣೆಯಾಗಿದ್ದರೂ ಮೊದಲಿಂದ ಕೊನೆಯವರೆಗೆ ಓದದೆ ಗತ್ಯಂತರವಿಲ್ಲ.

ಪಠ್ಯ ಹುಡುಕಲು ಎಸ್‌ಕ್ಯೂಎಲ್ ಭಾಷೆಯಲ್ಲಿ ‘ಲೈಕ್’ ಎಂಬ ಪದವಿದೆ. ಅದರಲ್ಲಿ % ಚಿಹ್ನೆ ಎಂದರೆ ‘ಇಲ್ಲಿ ಏನು ಬೇಕಾದರೂ ಇರಬಹುದು’. ಲೈಕ್ 'ಮನೆ%' ಎಂದರೆ ಮನೆಯಿಂದ ಶುರುವಾಗುವವು, ಇಂಡೆಕ್ಸ್ ನೆರವಾಗಬಲ್ಲದು. ಲೈಕ್ '%ಮನೆ' ಅಥವಾ '%ಮನೆ%' ಎಂದ ತಕ್ಷಣ ಬಿ-ಟ್ರೀಯ ಕ್ರಮಕ್ಕೆ ಅರ್ಥವೇ ಉಳಿಯುವುದಿಲ್ಲ. ಮೊದಲ ಅಕ್ಷರವೇ ಗೊತ್ತಿಲ್ಲದಿದ್ದರೆ ಯಾವ ಕೈಮರವನ್ನು ಹಿಡಿಯುವುದು? ಹುಡುಕುವ ಪೆಟ್ಟಿಗೆಗಳ ಹಿಂದೆ ಇರುವುದು ಸಾಮಾನ್ಯವಾಗಿ ಎರಡೂ ಕಡೆ % ಇರುವ ಈ ಕೊನೆಯ ರೂಪವೇ. ನಿಧಾನದ ದೂರುಗಳಲ್ಲಿ ನಾನು ಮೊದಲು ಹುಡುಕುವುದೂ ಇದನ್ನೇ.

ಅಡಿಗೆರೆ (_) ಚಿಹ್ನೆಯನ್ನೂ ಇಲ್ಲಿ ನೆನಪಿಡಬೇಕು. ಲೈಕ್‌ನಲ್ಲಿ ಅದಕ್ಕೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥವಿದೆ. ಅಡಿಗೆರೆ ಇರುವ ಸಂಕೇತಸಂಖ್ಯೆಯನ್ನು ಹಾಗೆಯೇ ಕೊಟ್ಟರೆ, ಇಂಡೆಕ್ಸಿಗೆ ಸಿಗುವ ಸುಳಿವು ಆ ಗೆರೆಗಿಂತ ಹಿಂದಿನ ಅಕ್ಷರಗಳಲ್ಲೇ ನಿಂತುಬಿಡುತ್ತದೆ.

ಕೊನೆಯ ಭಾಗದಿಂದಷ್ಟೇ ಹುಡುಕಬೇಕಾದವರಿಗೆ ಒಂದು ಹಳೆಯ ಉಪಾಯವಿದೆ. ಪದವನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಅದಕ್ಕೆ ಇಂಡೆಕ್ಸ್ ಹಾಕುವುದು, ಹುಡುಕುವ ಪದವನ್ನೂ ತಿರುಗಿಸಿಯೇ ಕೊಡುವುದು. ಕೊನೆ ಎಂಬುದು ಮೊದಲಾಗುವುದರಿಂದ ಕ್ರಮ ಮತ್ತೆ ಕೆಲಸಕ್ಕೆ ಬರುತ್ತದೆ. ತಿರುಗಿಸಿದ ಕನ್ನಡ ಪದ ಕಣ್ಣಿಗೆ ಅರ್ಥವಿಲ್ಲದ ಚಿತ್ತಾರವಾಗಿ ಕಂಡರೂ ಯಂತ್ರಕ್ಕೆ ಅದು ಅಕ್ಷರಸಂಕೇತಗಳ ಸಾಲು ಮಾತ್ರ.

## ಏನನ್ನೂ ಬದಲಿಸುವ ಮುನ್ನ ಯೋಜನೆ ನೋಡಿ

ಡೇಟಾಬೇಸಿಗೆ ನಾವು ಹೇಳುವುದು ‘ಏನು ಬೇಕು’ ಎಂದಷ್ಟೇ. ‘ಹೇಗೆ ತರುವುದು’ ಎಂದು ನಿರ್ಧರಿಸುವುದು ಅದರೊಳಗಿನ ಪ್ಲ್ಯಾನರ್. ಲಭ್ಯವಿರುವ ದಾರಿಗಳಿಗೆಲ್ಲ ಅಂದಾಜು ಖರ್ಚು ಹಾಕಿ, ಕಡಿಮೆ ಖರ್ಚಿನದನ್ನು ಆರಿಸುತ್ತದೆ. ಐಬಿಎಂನ ಸಿಸ್ಟಮ್ ಆರ್ ಯೋಜನೆಯಲ್ಲಿ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದ ಈ ಪದ್ಧತಿಯೇ ಇಂದಿನ ಪ್ಲ್ಯಾನರ್‌ಗಳಿಗೆ ತಳಹದಿ.

ಅದು ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ (ಡೇಟಾಬೇಸಿಗೆ ನಾವು ಬರೆದ ಪ್ರಶ್ನೆಯ) ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಒಂದೇ ಪದ ಸೇರಿಸಿದರೆ ಸಾಕು. ಒರಾಕಲ್‌ನಲ್ಲಿ ‘ಎಕ್ಸ್‌ಪ್ಲೇನ್ ಪ್ಲ್ಯಾನ್ ಫಾರ್’, ಎಸ್‌ಕ್ಯೂಎಲೈಟ್‌ನಲ್ಲಿ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲ್ಯಾನ್’ ಎಂದು ಬರೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ‘ಸೀಕ್ ಸ್ಕ್ಯಾನ್’ ಎಂದು ಕಂಡರೆ ಇಡೀ ಟೇಬಲ್ ಓದುತ್ತಿದೆ, ‘ಇಂಡೆಕ್ಸ್ ಸ್ಕ್ಯಾನ್’ ಅಥವಾ ‘ಬಿಟ್‌ಮ್ಯಾಪ್’ ಎಂದಿದ್ದರೆ ಇಂಡೆಕ್ಸ್ ಬಳಕೆಯಾಗುತ್ತಿದೆ. ಮೈಎಸ್‌ಕ್ಯೂಎಲ್‌ನ ಫಲಿತಾಂಶದಲ್ಲಿ ‘ಟೈಪ್’ ಎಂಬಲ್ಲಿ ‘ಆಲ್’ ಎಂದೂ ‘ಕೀ’ ಎಂಬಲ್ಲಿ ‘ನಲ್’ ಎಂದೂ ಇದ್ದರೆ ಇಂಡೆಕ್ಸ್ ಮುಟ್ಟಿಲ್ಲ. ಒರಾಕಲ್ ‘ಟೇಬಲ್ ಆ್ಯಕ್ಸೆಸ್ ಫುಲ್’ ಎನ್ನುತ್ತದೆ. ಎಸ್‌ಕ್ಯೂಎಲೈಟ್‌ನಲ್ಲಿ ‘ಸ್ಕ್ಯಾನ್’ ಎಂದರೆ ಪೂರ್ತಿ ಓದು, ‘ಸರ್ಚ್’ ಎಂದರೆ ನೇರ ಹುಡುಕಾಟ.

ಎಕ್ಸ್‌ಪ್ಲೇನ್ ಕೊಡುವುದು ಅಂದಾಜು. ನಿಜವಾಗಿ ನಡೆಸಿ ಅಳೆಯಬೇಕಾದರೆ ‘ಎಕ್ಸ್‌ಪ್ಲೇನ್ ಅನಲೈಸ್’ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು ‘ಫಿಲ್ಟರ್‌ನಿಂದ ತೆಗೆದುಹಾಕಿದ ಸಾಲುಗಳು’ ಎಂಬ ಲೆಕ್ಕವನ್ನೂ ಕೊಡುತ್ತದೆ. ಹತ್ತು ಸಾಲಿನ ಉತ್ತರಕ್ಕೆ ಲಕ್ಷಗಟ್ಟಲೆ ಸಾಲು ಓದಿ ಎಸೆದಿದ್ದರೆ ರೋಗ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಒಂದು ಎಚ್ಚರಿಕೆ: ಇದು ಕ್ವೆರಿಯನ್ನು ನಿಜಕ್ಕೂ ನಡೆಸುತ್ತದೆ. ಅಳಿಸುವ ಅಥವಾ ತಿದ್ದುವ ಆದೇಶದ ಮುಂದೆ ಇಟ್ಟರೆ ಅಳಿಸಿಯೇಬಿಡುತ್ತದೆ. ಅಂಥವನ್ನು ಟ್ರಾನ್ಸಾಕ್ಷನ್ (ಬೇಡವಾದರೆ ಒಟ್ಟಿಗೆ ಹಿಂದೆಗೆಯಬಹುದಾದ ಕೆಲಸಗಳ ಗುಂಪು) ಒಳಗಿಟ್ಟು ನಡೆಸಿ, ರೋಲ್‌ಬ್ಯಾಕ್ ಮಾಡಬೇಕು, ಅಂದರೆ ಹಿಂದೆಗೆಯಬೇಕು.

ಅದೇ ಕ್ವೆರಿಯನ್ನು ಎರಡನೇ ಸಲ ಓಡಿಸಿದಾಗ ವೇಗವಾಗಿ ಬಂದರೆ ಸಮಸ್ಯೆ ತೀರಿತು ಎಂದುಕೊಳ್ಳಬೇಡಿ. ಮೊದಲ ಸಲ ಓದಿದ ಪುಟಗಳು ಮೆಮೊರಿಯಲ್ಲಿ ಉಳಿದಿರುವುದೇ ಅದಕ್ಕೆ ಕಾರಣವಿರಬಹುದು. ಯೋಜನೆ ಬದಲಾಗಿದೆಯೇ ಎಂದು ನೋಡಿ, ಗಡಿಯಾರವನ್ನಷ್ಟೇ ನಂಬಬೇಡಿ.

## ಕ್ರಮ ಸರಿಯಿದ್ದರೂ ಇಂಡೆಕ್ಸ್ ಕೆಲಸ ಮಾಡದಿದ್ದಾಗ

ಮುಂದೆ % ಇಲ್ಲ, ಆದರೂ ಯೋಜನೆಯಲ್ಲಿ ಪೂರ್ತಿ ಸ್ಕ್ಯಾನ್ ಕಾಣುತ್ತಿದೆ. ಆಗ ಮೊದಲು ಶಂಕಿಸಬೇಕಾದ್ದು ಕಾಲಮ್ಮಿಗೆ ಸುತ್ತಿದ ಫಂಕ್ಷನ್ನನ್ನು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ, ಇಂಗ್ಲಿಷಿನಲ್ಲಿದೆ. ಆ ಭೇದ ಮರೆಸಲು ಇಮೇಲ್ ಕಾಲಮ್ಮಿಗೆ ಎಲ್ಲವನ್ನೂ ಚಿಕ್ಕಕ್ಷರವಾಗಿಸುವ ‘ಲೋವರ್’ ಫಂಕ್ಷನ್ ಸುತ್ತಿ ಹೋಲಿಸುವುದು ರೂಢಿ. ಇಂಡೆಕ್ಸಿನಲ್ಲಿ ಜೋಡಣೆಯಾಗಿರುವುದು ಮೂಲ ಬೆಲೆಗಳು, ನಾವು ಕೇಳುತ್ತಿರುವುದು ಬದಲಾದ ಬೆಲೆಗಳನ್ನು. ಎರಡರ ಕ್ರಮ ಒಂದೇ ಎಂದು ಡೇಟಾಬೇಸ್ ಊಹಿಸುವುದಿಲ್ಲ, ಊಹಿಸಬಾರದು ಕೂಡ. ಪರಿಹಾರ, ಆ ಫಂಕ್ಷನ್ನಿನ ಫಲಿತಾಂಶಕ್ಕೇ ಇಂಡೆಕ್ಸ್ ಹಾಕುವುದು. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ಇದು ಬಹಳ ಹಿಂದಿನಿಂದ ಇದೆ, ಮೈಎಸ್‌ಕ್ಯೂಎಲ್‌ಗೆ 8.0.13ರಲ್ಲಿ ಬಂತು. ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ಕೊಲೇಷನ್ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ಎಂದು ಎಣಿಸುವುದರಿಂದ ಅಲ್ಲಿ ಎಷ್ಟೋ ಸಲ ‘ಲೋವರ್’ನ ಅಗತ್ಯವೇ ಇರುವುದಿಲ್ಲ.

ಕೊಲೇಷನ್ ಎಂದರೆ ಅಕ್ಷರಗಳನ್ನು ಹೇಗೆ ಹೋಲಿಸಬೇಕು, ಯಾವುದು ಮೊದಲು ಬರಬೇಕು ಎಂಬ ನಿಯಮಾವಳಿ. ಪೋಸ್ಟ್‌ಗ್ರೆಸ್ ಬಳಸುವವರನ್ನು ಇದು ಬೇರೊಂದು ಬಗೆಯಲ್ಲಿ ಕಾಡುತ್ತದೆ. ಡೇಟಾಬೇಸ್ ‘ಸಿ’ (ಬರೀ ಬೈಟುಗಳ ಕ್ರಮದಲ್ಲಿ ಜೋಡಿಸುವ ನಿಯಮ) ಅಲ್ಲದ ಕೊಲೇಷನ್ನಿನಲ್ಲಿದ್ದರೆ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ಲೈಕ್ 'ಮನೆ%' ಎಂಬ ನೇರ ಪ್ರಶ್ನೆಗೂ ಒದಗುವುದಿಲ್ಲ. ಭಾಷೆಯ ನಿಯಮದಂತೆ ಜೋಡಿಸಿದ ಕ್ರಮವೂ ಲೈಕ್ ಮಾಡುವ ಅಕ್ಷರಾಕ್ಷರ ಹೋಲಿಕೆಯೂ ಬೇರೆಬೇರೆಯಾದ್ದರಿಂದ ಹೀಗೆ. ಇಂಡೆಕ್ಸ್ ರಚಿಸುವಾಗ ‘ಟೆಕ್ಸ್ಟ್ ಪ್ಯಾಟರ್ನ್ ಆಪ್ಸ್’ ಎಂಬ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ದಿನಗಟ್ಟಲೆ ತಲೆಕೆಡಿಸಿಕೊಂಡವರು ಬಹಳ.

ಬೆಲೆಯ ಬಗೆ ಹೊಂದದಿರುವುದೂ ಅಷ್ಟೇ ಸಾಮಾನ್ಯ. ದೂರವಾಣಿ ಸಂಖ್ಯೆಯನ್ನು ಪಠ್ಯವಾಗಿ ಇಟ್ಟಿದ್ದೀರಿ, ಕ್ವೆರಿಯಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಬರೀ ಅಂಕಿ ಕೊಟ್ಟಿರಿ. ಮೈಎಸ್‌ಕ್ಯೂಎಲ್ ಪ್ರತಿ ಸಾಲಿನ ಪಠ್ಯವನ್ನೂ ಸಂಖ್ಯೆಯಾಗಿಸಿ ಹೋಲಿಸಲು ಹೊರಡುತ್ತದೆ. '1', '01', '1ಅ' ಮೂರೂ ಸಂಖ್ಯೆಯಾಗಿ 1 ಆಗುವುದರಿಂದ ಪಠ್ಯದ ಕ್ರಮದಲ್ಲಿರುವ ಇಂಡೆಕ್ಸ್ ಪ್ರಯೋಜನಕ್ಕೆ ಬಾರದು. ಉದ್ಧರಣ ಚಿಹ್ನೆ ಹಾಕಿದರೆ ಸಾಕು, ಎಲ್ಲ ಸರಿಯಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ವಾರ್‌ಚಾರ್’ ಬಗೆಯ ಪಠ್ಯದ ಕಾಲಮ್ಮಿಗೆ ಯೂನಿಕೋಡ್ ಪಠ್ಯದ ‘ಎನ್‌ವಾರ್‌ಚಾರ್’ ಬೆಲೆ ಕಳಿಸಿದಾಗಲೂ ಬದಲಾವಣೆ ಕಾಲಮ್ಮಿನ ಕಡೆಯೇ ಆಗುತ್ತದೆ, ಮತ್ತು ಕೊಲೇಷನ್ನಿಗೆ ಅನುಗುಣವಾಗಿ ಪೂರ್ತಿ ಸ್ಕ್ಯಾನ್ ಆಗಿಬಿಡಬಹುದು.

ಎರಡು ಕಾಲಮ್ಮಿಗೆ ಸೇರಿಸಿ ಹಾಕಿದ ಇಂಡೆಕ್ಸಿನಲ್ಲಿ ಎಡಗಡೆಯದೇ ಯಜಮಾನ. ಮನೆತನದ ಹೆಸರು, ಆಮೇಲೆ ವ್ಯಕ್ತಿಯ ಹೆಸರು ಎಂದು ಜೋಡಿಸಿದ ಪಟ್ಟಿಯಲ್ಲಿ ಬರೀ ವ್ಯಕ್ತಿಯ ಹೆಸರಿನಿಂದ ಹುಡುಕುವುದು ಹೇಗೆ ಕಷ್ಟವೋ ಹಾಗೆ.

## ಪ್ಲ್ಯಾನರ್ ಬೇಕೆಂದೇ ಬಿಟ್ಟಿರಬಹುದು

ಪೂರ್ತಿ ಸ್ಕ್ಯಾನ್ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಕೇಳಿದ ಪದ ಟೇಬಲ್ಲಿನ ಅರ್ಧದಷ್ಟು ಸಾಲುಗಳಲ್ಲಿದ್ದರೆ, ಇಂಡೆಕ್ಸಿನಿಂದ ಟೇಬಲ್ಲಿಗೆ ಲಕ್ಷಾಂತರ ಸಲ ಹಾರುವುದಕ್ಕಿಂತ ಸಾಲಾಗಿ ಓದುವುದೇ ಅಗ್ಗ. ಪೋಸ್ಟ್‌ಗ್ರೆಸ್ ತನ್ನ ಲೆಕ್ಕದಲ್ಲಿ ಸಾಲಾಗಿ ಒಂದು ಪುಟ ಓದಲು 1, ಎಲ್ಲೆಂದರಲ್ಲಿಗೆ ಹಾರಿ ಓದಲು 4 ಎಂದು ಪೂರ್ವನಿಯೋಜಿತ ಖರ್ಚು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ನೂರು ಸಾಲಿನ ಪರೀಕ್ಷಾ ಟೇಬಲ್ಲಿನಲ್ಲೂ ಇಂಡೆಕ್ಸ್ ಬಳಸದಿರುವುದೇ ಜಾಣತನ. ಆದ್ದರಿಂದ ಸಣ್ಣ ದತ್ತಾಂಶದ ಮೇಲೆ ಪರೀಕ್ಷಿಸಿ ತೀರ್ಮಾನಕ್ಕೆ ಬರುವುದು ತಪ್ಪು ದಾರಿ.

ಆದರೆ ಪ್ಲ್ಯಾನರ್ ತಪ್ಪು ತಿಳಿದಿರುವುದೂ ಉಂಟು. ಅದು ಅಂದಾಜು ಮಾಡುವುದು ಟೇಬಲ್ಲಿನ ಬಗ್ಗೆ ಸಂಗ್ರಹಿಸಿಟ್ಟ ಅಂಕಿಅಂಶಗಳಿಂದ. ದೊಡ್ಡ ಪ್ರಮಾಣದಲ್ಲಿ ಮಾಹಿತಿ ತುಂಬಿದ ಮೇಲೆ ಅವು ಹಳತಾಗಿರುತ್ತವೆ. ಯೋಜನೆಯಲ್ಲಿ ಅಂದಾಜು 5 ಸಾಲು, ನಿಜದಲ್ಲಿ 5 ಲಕ್ಷ ಸಾಲು ಎಂದು ಕಂಡರೆ ‘ಅನಲೈಸ್’ ಆದೇಶ ಕೊಟ್ಟು ಅಂಕಿಅಂಶ ಹೊಸದಾಗಿಸಿ. ‘ಹೊಸದು ಮೊದಲು, ಇಪ್ಪತ್ತು ಸಾಕು’ ಎಂಬ ಬಗೆಯ ಕ್ವೆರಿಗಳು ಈ ತಪ್ಪಂದಾಜಿಗೆ ಸುಲಭವಾಗಿ ಬಲಿಯಾಗುತ್ತವೆ. ಹುಡುಕಿದ ಪದ ಹೇರಳವಾಗಿದೆ ಎಂದು ನಂಬಿದ ಪ್ಲ್ಯಾನರ್ ದಿನಾಂಕದ ಇಂಡೆಕ್ಸ್ ಹಿಡಿದು ಹಿಂದಕ್ಕೆ ನಡೆಯುತ್ತದೆ. ಪದ ಅಪರೂಪದ್ದಾಗಿದ್ದರೆ ಇಪ್ಪತ್ತು ಸಿಗುವಷ್ಟರಲ್ಲಿ ಇಡೀ ಟೇಬಲ್ ದಾಟಿರುತ್ತದೆ.

## ನಡುವಿನ ಪದ ಬೇಕೇ ಬೇಕಿದ್ದರೆ

ಅಕಾರಾದಿ ಕ್ರಮ ಒದಗದಿದ್ದಾಗ ಬೇರೆ ಬಗೆಯ ಇಂಡೆಕ್ಸ್ ಬೇಕು. ಮುಖ್ಯವಾಗಿ ಎರಡಿವೆ.

ಒಂದು, ಪಠ್ಯವನ್ನು ಮೂರು ಮೂರು ಅಕ್ಷರಸಂಕೇತಗಳ ತುಣುಕಾಗಿ ಕತ್ತರಿಸುವ ಟ್ರೈಗ್ರಾಮ್. ಯೂನಿಕೋಡಿನಲ್ಲಿ ‘ಅರಮನೆ’ ಎಂದರೆ ಅ, ರ, ಮ, ನ ಮತ್ತು ಎತ್ವದ ಚಿಹ್ನೆ, ಒಟ್ಟು ಐದು ಸಂಕೇತ. ಅಂಚಿನ ಖಾಲಿ ಜಾಗಗಳ ಲೆಕ್ಕ ಬಿಟ್ಟರೆ ಅರಮ, ರಮನ, ಮನೆ ಎಂಬ ಮೂರು ತುಣುಕು ಸಿಗುತ್ತವೆ. ಪ್ರತಿ ತುಣುಕಿನ ಎದುರು ಅದು ಯಾವ ಯಾವ ಸಾಲುಗಳಲ್ಲಿದೆ ಎಂಬ ಪಟ್ಟಿ. '%ಮನೆ%' ಎಂದು ಕೇಳಿದಾಗ ‘ಮನೆ’ ತುಣುಕಿನ ಪಟ್ಟಿ ತೆಗೆದು, ಆ ಸಾಲುಗಳನ್ನಷ್ಟೇ ಮತ್ತೊಮ್ಮೆ ಪರೀಕ್ಷಿಸಿದರಾಯಿತು. ಪೋಸ್ಟ್‌ಗ್ರೆಸ್‌ನ ‘ಪಿಜಿ ಟ್ರೈಗ್ರಾಮ್’ ವಿಸ್ತರಣೆ 2011ರ 9.1 ಆವೃತ್ತಿಯಿಂದ ಲೈಕ್ ಪ್ರಶ್ನೆಗಳಿಗೆ ಹೀಗೆ ನೆರವಾಗುತ್ತಿದೆ. ಮೂರಕ್ಕಿಂತ ಕಡಿಮೆ ಸಂಕೇತಗಳ ನಡುವಿನ ತುಣುಕು ಹುಡುಕಿದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ‘ಕನಿಷ್ಠ ಮೂರು ಅಕ್ಷರ ಬರೆಯಿರಿ’ ಎಂದು ಕೇಳುವುದರ ಹಿಂದೆ ಇಂಥ ಕಾರಣವಿರುತ್ತದೆ.

ಇನ್ನೊಂದು, ಪೂರ್ಣಪಠ್ಯ ಹುಡುಕಾಟ. ಪುಸ್ತಕದ ಕೊನೆಯಲ್ಲಿ ಇರುವ ಪದಸೂಚಿಯನ್ನು ನೆನೆಯಿರಿ: ಪದ, ಅದರ ಎದುರು ಪುಟಸಂಖ್ಯೆಗಳು. ಡೇಟಾಬೇಸ್ ಪಠ್ಯವನ್ನು ಪದಗಳಾಗಿ ಒಡೆದು ಇಂಥದೇ ಸೂಚಿ ಕಟ್ಟಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 2008ರ 8.3 ಆವೃತ್ತಿಯಿಂದ ಇದು ಮೂಲದಲ್ಲೇ ಇದೆ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಗೆ 5.6ರಲ್ಲಿ ಬಂತು, ಎಸ್‌ಕ್ಯೂಎಲೈಟ್‌ನಲ್ಲಿ ‘ಎಫ್‌ಟಿಎಸ್5’ ಇದೆ. ಲೇಖನ, ಪತ್ರ, ವಿವರಣೆಗಳಂಥ ಉದ್ದ ಪಠ್ಯಕ್ಕೆ ಇದೇ ತಕ್ಕದ್ದು. ಹೆಚ್ಚು ಹೊಂದುವ ಫಲಿತಾಂಶವನ್ನು ಮೇಲೆ ತರುವ ಶ್ರೇಯಾಂಕವೂ ಸಿಗುತ್ತದೆ. ಆದರೆ ಇದನ್ನು ಬಳಸಲು ಕ್ವೆರಿಯನ್ನೂ ಬದಲಿಸಬೇಕು. ಪೂರ್ಣಪಠ್ಯ ಇಂಡೆಕ್ಸ್ ಹಾಕಿ, ಕ್ವೆರಿಯಲ್ಲಿ ಹಳೆಯ '%ಪದ%' ಹಾಗೆಯೇ ಉಳಿಸಿಕೊಂಡರೆ ಇಂಡೆಕ್ಸಿಗೆ ಪ್ರಶ್ನೆ ತಲುಪುವುದೇ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ‘ಮ್ಯಾಚ್’ ಮತ್ತು ‘ಅಗೇನ್ಸ್ಟ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಕಂಟೇನ್ಸ್’ ಎಂಬ ಬೇರೆ ಪದಗಳಿವೆ.

ಎರಡರಲ್ಲಿ ಯಾವುದು? ಹೆಸರು, ಸಂಕೇತಸಂಖ್ಯೆ, ಶೀರ್ಷಿಕೆಗಳಂಥ ಚಿಕ್ಕ ಪಠ್ಯದ ತುಣುಕು ಬೇಕಿದ್ದರೆ ಟ್ರೈಗ್ರಾಮ್, ಓದುವ ಪಠ್ಯದೊಳಗೆ ಪದ ಬೇಕಿದ್ದರೆ ಪೂರ್ಣಪಠ್ಯ. ನಾನಂತೂ ಹೀಗೆ ಆರಿಸಿಕೊಳ್ಳುತ್ತೇನೆ.

## ಕನ್ನಡ ಪಠ್ಯದ ತೊಡಕುಗಳು

ಪೂರ್ಣಪಠ್ಯ ಹುಡುಕಾಟ ಪದವನ್ನು ಪದವಾಗಿಯೇ ನೋಡುತ್ತದೆ. ಇಂಗ್ಲಿಷಿನಂಥ ಭಾಷೆಗಳಿಗೆ ಪ್ರತ್ಯಯ ಕಳಚಿ ಮೂಲರೂಪ ಹಿಡಿಯುವ ವ್ಯವಸ್ಥೆ ಜೊತೆಗೇ ಬರುತ್ತದೆ. ಕನ್ನಡದಲ್ಲಿ ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳಿಗೂ ಎಲ್ಲವೂ ಸೂಚಿಯಲ್ಲಿ ಬೇರೆ ಬೇರೆ ಪದಗಳಾಗಿ ಕೂರುತ್ತವೆ. ‘ಮನೆ’ ಎಂದು ಹುಡುಕಿದರೆ ಅವು ಸಿಗುವುದಿಲ್ಲ. ನಮ್ಮ ಪ್ರತ್ಯಯಗಳು ಪದದ ಕೊನೆಗೇ ಸೇರುವುದರಿಂದ, ‘ಮನೆಯಿಂದ ಶುರುವಾಗುವ ಪದಗಳು’ ಎಂದು ಸೂಚಿಯೊಳಗೇ ಪೂರ್ವಭಾಗದ ಹುಡುಕಾಟ ನಡೆಸಿದರೆ ಬಹುಪಾಲು ಕೆಲಸ ಆಗುತ್ತದೆ. ಮರ, ಮರವನ್ನು, ಮರದಲ್ಲಿ ಎಂಬಂಥವನ್ನೂ ಇದೇ ದಾರಿ ಹಿಡಿಯುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ‘ಕೊ’ ಎಂಬುದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ‘ಸಾಫ್ಟ್‌ವೇರ್’ ಪದದ ನಡುವೆ ಒತ್ತಕ್ಷರ ಕೂಡದಂತೆ ಹಾಕುವ ಅಗೋಚರ ಚಿಹ್ನೆಯೂ ಹಾಗೆಯೇ. ಇವುಗಳಿಂದ ಫಲಿತಾಂಶ ತಪ್ಪಿಹೋಗುವುದನ್ನು ಕಂಡವರು ಕ್ವೆರಿಯಲ್ಲಿ ಕಾಲಮ್ಮಿಗೆ ತಿದ್ದುವ ಫಂಕ್ಷನ್ ಸುತ್ತುತ್ತಾರೆ. ಆಗ ಮೇಲೆ ಹೇಳಿದ ಸಮಸ್ಯೆಯೇ ಮರಳಿ ಬರುತ್ತದೆ, ಇಂಡೆಕ್ಸ್ ಕೈತಪ್ಪುತ್ತದೆ. ಪಠ್ಯ ಒಳಗೆ ಬರುವಾಗಲೇ ಅದನ್ನು ಒಂದೇ ರೂಪಕ್ಕೆ ತಂದು ಸಂಗ್ರಹಿಸಿ, ಹುಡುಕುವ ಪದಕ್ಕೂ ಅದೇ ಸಂಸ್ಕಾರ ಮಾಡಿದರೆ ಕಾಲಮ್ಮನ್ನು ಮುಟ್ಟಬೇಕಾಗಿಲ್ಲ.

ಯೂನಿಕೋಡ್ ಪಠ್ಯವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಹಿಡಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಡೆಕ್ಸಿನ ಒಂದು ನಮೂದಿಗೆ ಗಾತ್ರದ ಮಿತಿ ಇರುವುದರಿಂದ (ಇನ್ನೋಡಿಬಿಯಲ್ಲಿ ಗರಿಷ್ಠ 3072 ಬೈಟ್) ಉದ್ದ ಕಾಲಮ್ಮುಗಳಲ್ಲಿ ಮೊದಲ ಕೆಲವು ಅಕ್ಷರಗಳಿಗಷ್ಟೇ ಇಂಡೆಕ್ಸ್ ಹಾಕಬೇಕಾಗಬಹುದು.

## ಹಾಕಿದ ಇಂಡೆಕ್ಸಿನ ಬಾಡಿಗೆ

ಪ್ರತಿ ಸಾಲು ಸೇರಿದಾಗ, ಅಳಿದಾಗ, ಇಂಡೆಕ್ಸ್ ಇರುವ ಕಾಲಮ್ ತಿದ್ದಿದಾಗ ಇಂಡೆಕ್ಸುಗಳನ್ನೂ ತಿದ್ದಬೇಕು. ಟ್ರೈಗ್ರಾಮ್ ಮತ್ತು ಪೂರ್ಣಪಠ್ಯದಲ್ಲಿ ಒಂದು ಸಾಲಿಗೆ ಹತ್ತಾರು ನಮೂದುಗಳಿರುವುದರಿಂದ ಬರೆಯುವ ಖರ್ಚು ಇನ್ನೂ ಜಾಸ್ತಿ. ಬಳಕೆಯಲ್ಲಿರುವ ದೊಡ್ಡ ಟೇಬಲ್ಲಿಗೆ ಇಂಡೆಕ್ಸ್ ಹಾಕುವಾಗ ಪೋಸ್ಟ್‌ಗ್ರೆಸ್‌ನಲ್ಲಿ ‘ಕಾನ್‌ಕರೆಂಟ್ಲಿ’ ಪದ ಸೇರಿಸದಿದ್ದರೆ ಕಟ್ಟಿ ಮುಗಿಯುವವರೆಗೆ ಆ ಟೇಬಲ್ಲಿಗೆ ಬರೆಯುವವರೆಲ್ಲ ಕಾಯಬೇಕಾಗುತ್ತದೆ.

ನಿಧಾನದ ಕಾರಣ ಹುಡುಕುತ್ತ ಹೋದಂತೆ ಪ್ರಯೋಗಕ್ಕೆಂದು ಹಾಕಿದ ನಾಲ್ಕಾರು ಇಂಡೆಕ್ಸುಗಳು ಹಿಂದೆ ಉಳಿದುಬಿಡುತ್ತವೆ. ಪೋಸ್ಟ್‌ಗ್ರೆಸ್ ಪ್ರತಿ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಎಂಬ ಎಣಿಕೆ ಇಡುತ್ತದೆ. ಕೆಲವು ವಾರ ಬಿಟ್ಟು ಅದನ್ನು ನೋಡಿ. ಸೊನ್ನೆಯಲ್ಲೇ ನಿಂತಿದ್ದು, ಒಂದೇ ಬೆಲೆ ಎರಡು ಸಲ ಬಾರದಂತೆ ಕಾಯುವ ಯುನಿಕ್ ಇಂಡೆಕ್ಸೂ ಅಲ್ಲದಿದ್ದರೆ, ಓದಲಿಕ್ಕೆಂದು ಇಟ್ಟ ನಕಲು ಸರ್ವರ್‌ಗಳಲ್ಲೂ ಅದು ಬಳಕೆಯಾಗುತ್ತಿಲ್ಲ ಎಂದು ಖಚಿತಪಡಿಸಿಕೊಂಡು ತೆಗೆದುಹಾಕಿ. ಆ ಎಣಿಕೆ ಪ್ರತಿ ಸರ್ವರ್‌ಗೂ ಬೇರೆಯಾಗಿರುತ್ತದೆ.